ಹಾಡುಗಳ ಸಾಲು

ಜುಲೈ 5, ಶನಿವಾರ

ಅಮೆರಿಕಕ್ಕೆ ಹೋದ ಹೊಸದರಲ್ಲಿ ಭಾವ ಕೊಂಡಿದ್ದ ‘ರಬ್ಬರ್ ಸೋಲ್’ ಎಲ್‌ಪಿ ಈಗ ನನ್ನ ಮೇಜಿನ ಮೇಲಿದೆ. ಬೀಟಲ್ಸ್ ನಾಲ್ವರ ಆ ಹಿಗ್ಗಿದ ಮುಖಗಳ ಚಿತ್ರ ಅದೇ. ಮುಳ್ಳು ಇಟ್ಟರೆ ಮೊದಲ ಹಾಡೇ ಬೇರೆ! ನನಗೆ ಗೊತ್ತಿದ್ದ ಬ್ರಿಟಿಷ್ ಆವೃತ್ತಿ ‘ಡ್ರೈವ್ ಮೈ ಕಾರ್’ನ ಎಲೆಕ್ಟ್ರಿಕ್ ಗಿಟಾರಿನ ಅಬ್ಬರದಿಂದ ಶುರುವಾಗುತ್ತದೆ. ಇದರಲ್ಲಿ ‘ಐವ್ ಜಸ್ಟ್ ಸೀನ್ ಎ ಫೇಸ್’: ಅಕೌಸ್ಟಿಕ್ ಗಿಟಾರುಗಳ ಓಟ, ಬೇಸ್ ಗಿಟಾರ್ ಇಲ್ಲವೇ ಇಲ್ಲ. ಅದರ ಬೆನ್ನಿಗೇ ‘ನಾರ್ವೀಜಿಯನ್ ವುಡ್’ನ ಸಿತಾರ್. ಇಡೀ ಆಲ್ಬಮ್ಮಿಗೆ ಜಾನಪದದ ಬಣ್ಣ ಬಂದುಬಿಟ್ಟಿದೆ.

1965ರ ಡಿಸೆಂಬರ್ 3ಕ್ಕೆ ಬ್ರಿಟನ್ನಿನಲ್ಲಿ 14 ಹಾಡುಗಳೊಂದಿಗೆ ಬಂತು. ಮೂರು ದಿನ ಕಳೆದು ಅಮೆರಿಕದಲ್ಲಿ ಬಂದದ್ದು 12. ನಾಲ್ಕನ್ನು ತೆಗೆದು, ‘ಹೆಲ್ಪ್!’ನ ಬ್ರಿಟಿಷ್ ಆವೃತ್ತಿಯಲ್ಲಿದ್ದ ಎರಡನ್ನು ಸೇರಿಸಿದರು. ರಿಂಗೋ ಹಾಡಿದ್ದ ಒಂದೇ ಒಂದು ಹಾಡೂ ಹೋಯಿತು.

ಜುಲೈ 8, ಮಂಗಳವಾರ

ಕಾರಣ ಪೂರ್ತಿ ವ್ಯಾಪಾರದ್ದು. ಅಮೆರಿಕದಲ್ಲಿ ಹಾಡೊಂದಕ್ಕೆ ಇಷ್ಟು ಎಂದು ರಾಯಧನ ಕೊಡಬೇಕಿತ್ತು. ಹಾಡು ಕಡಿಮೆಯಾದಷ್ಟೂ, ಅಲ್ಲಿ ಬೀಟಲ್ಸ್ ರೆಕಾರ್ಡುಗಳನ್ನು ತರುತ್ತಿದ್ದ ಕ್ಯಾಪಿಟಲ್ ಕಂಪನಿಗೆ ಖರ್ಚು ಕಡಿಮೆ. ಬ್ರಿಟನ್ನಿನಲ್ಲಿ ಸಿಂಗಲ್ ಆಗಿ ಮಾರಿದ ಹಾಡನ್ನು ಸಾಮಾನ್ಯವಾಗಿ ಆಲ್ಬಮ್ಮಿಗೆ ಹಾಕುತ್ತಿರಲಿಲ್ಲ. ಕ್ಯಾಪಿಟಲ್ ಅವನ್ನೂ ಸೇರಿಸುತ್ತಿತ್ತು. ಹೀಗೆ ಉಳಿಸಿಕೊಂಡ ಹಾಡುಗಳಿಂದಲೇ 1966ರ ಜೂನ್‌ನಲ್ಲಿ ‘ಯೆಸ್ಟರ್‌ಡೇ ಅಂಡ್ ಟುಡೇ’ ಎಂಬ ಇನ್ನೊಂದು ಎಲ್‌ಪಿ ಹುಟ್ಟಿತು. ಅದರ 11 ಹಾಡುಗಳಲ್ಲಿ ಮೂರು, ಬ್ರಿಟನ್ನಿನಲ್ಲಿ ಇನ್ನೂ ಬಿಡುಗಡೆಯೇ ಆಗದ ‘ರಿವಾಲ್ವರ್’ಗೆ ಸೇರಬೇಕಾದವು.

ಜುಲೈ 13, ಭಾನುವಾರ

ಬೆಳಗ್ಗೆಯಿಂದ ‘ರಿವಾಲ್ವರ್’. ಆಗಸ್ಟ್‌ನಲ್ಲಿ ಬಂದ ಅಮೆರಿಕನ್ ಆವೃತ್ತಿಯಲ್ಲಿ ಇಲ್ಲವಾದ ಆ ಮೂರೂ ಲೆನನ್ ಹಾಡಿದವು. ಉಳಿದ 11ರಲ್ಲಿ ಅವನು ಮುಖ್ಯ ದನಿಯಾಗಿ ಹಾಡಿದ್ದು ಎರಡೇ. ಹ್ಯಾರಿಸನ್‌ಗೆ ಮೂರು, ಮೆಕಾರ್ಟ್ನಿಗೆ ಐದು. ಸ್ಟುಡಿಯೋದಲ್ಲಿ ಸರಿಸಮ ದುಡಿದವನು ಅಲ್ಲಿನ ಕೇಳುಗರಿಗೆ ಅಪರೂಪದ ಅತಿಥಿಯಂತೆ ಕಂಡ.

ನನಗೆ ಹೆಚ್ಚು ನೋವಾಗುವುದು ‘ಐಯಾಮ್ ಓನ್ಲಿ ಸ್ಲೀಪಿಂಗ್’ ಹೋದದ್ದಕ್ಕೆ. ಬ್ರಿಟಿಷ್ ಸಾಲಿನಲ್ಲಿ ಅದು ‘ಎಲಿನರ್ ರಿಗ್ಬಿ’ಯ ಪಿಟೀಲುಗಳಿಗೂ ‘ಲವ್ ಯೂ ಟೂ’ನ ಸಿತಾರ್-ತಬಲಾಗಳಿಗೂ ನಡುವೆ ನಿಲ್ಲುತ್ತದೆ. ಅದರೊಳಗೆ ಹಿಂದುಮುಂದಾಗಿ ಓಡುವ ಗಿಟಾರಿನ ದನಿಯಿದೆ. ಕೊನೆಯ ‘ಟುಮಾರೋ ನೆವರ್ ನೋಸ್’ನಲ್ಲಿ ಟೇಪು ತಿರುಗುಮುರುಗಾಗುವಾಗ ಕಿವಿ ಆಗಲೇ ಹದವಾಗಿರುತ್ತದೆ. ಆ ಕೊನೆಯ ಹಾಡು, ಏಪ್ರಿಲ್‌ನಲ್ಲಿ ಎಲ್ಲಕ್ಕಿಂತ ಮೊದಲು ಧ್ವನಿಮುದ್ರಣ ಶುರುವಾದದ್ದು! ಮೊದಲು ಹುಟ್ಟಿದ್ದನ್ನು ಕಡೆಗೆ ಇಟ್ಟವರು ಸುಮ್ಮನೆ ಇಟ್ಟಿರಲಾರರು. ಹಾಡು ಕಟ್ಟಿದಷ್ಟೇ ಶ್ರದ್ಧೆಯಿಂದ ಸಾಲನ್ನೂ ಕಟ್ಟಿದ್ದಾರೆ.

ಜುಲೈ 16, ಬುಧವಾರ

ರಾತ್ರಿ ಭಾವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. “ನೀನು ಹೇಳೋದು ‘ರಿವಾಲ್ವರ್’ಗೆ ಸರಿ. ಆದರೆ ನನ್ನ ‘ರಬ್ಬರ್ ಸೋಲ್’ ಬಗ್ಗೆ ಹಾಗನ್ನಬೇಡ. ಬ್ರಯಾನ್ ವಿಲ್ಸನ್ ಕೇಳಿದ್ದು ಅದನ್ನೇ” ಎಂದರು.

ಹೌದು. ಬೀಚ್ ಬಾಯ್ಸ್‌ನ ವಿಲ್ಸನ್ ಕ್ಯಾಲಿಫೋರ್ನಿಯಾದಲ್ಲಿ ಕೇಳಿ ಬೆರಗಾದದ್ದು ಆ ಅಮೆರಿಕನ್ ಆವೃತ್ತಿಗೇ. ಒಂದೂ ಸುಮ್ಮನೆ ತುಂಬಿಸಿದ ಹಾಡಲ್ಲ, ಇಡಿಯಾಗಿ ಒಂದೇ ಭಾವ ಎನಿಸಿತು ಅವರಿಗೆ. ಆ ಛಲದಲ್ಲಿ ಮಾಡಿದ ‘ಪೆಟ್ ಸೌಂಡ್ಸ್’ 1966ರ ಮೇಯಲ್ಲಿ ಬಂತು. ಕಂಪನಿಯವರು ಲಾಭಕ್ಕೆ ಕತ್ತರಿಸಿ ಜೋಡಿಸಿದ್ದರಲ್ಲೂ ಒಬ್ಬ ದೊಡ್ಡ ಸಂಗೀತಗಾರನಿಗೆ ಒಂದು ಅಖಂಡ ಕೃತಿ ಕೇಳಿಸಿತು. ಇದನ್ನು ನಾನು ತಳ್ಳಿಹಾಕಲಾರೆ.

ಜುಲೈ 20, ಭಾನುವಾರ

1967ರ ‘ಸಾರ್ಜೆಂಟ್ ಪೆಪರ್’ನಿಂದ ಎರಡು ದೇಶಕ್ಕೂ ಒಂದೇ ಹಾಡಿನ ಸಾಲು ಬಂತು. 1987ರ ಸಿ.ಡಿ.ಗಳು ಹಳೆಯ ಆಲ್ಬಮ್ಮುಗಳಿಗೂ ಬ್ರಿಟಿಷ್ ಸಾಲನ್ನೇ ಜಗತ್ತಿಗೆಲ್ಲ ಖಾಯಂ ಮಾಡಿದವು. ಸರಿಯಾದ ನಿರ್ಧಾರ. ಆದರೂ 2014ರಲ್ಲಿ ಅಮೆರಿಕನ್ ಆವೃತ್ತಿಗಳು ಒಟ್ಟಾಗಿ ಮತ್ತೆ ಬಂದದ್ದು ನನಗೆ ಸಮಾಧಾನ. ಅಲ್ಲಿ ಒಂದು ಪೀಳಿಗೆ ಆ ಸಾಲಿನಲ್ಲೇ ಬೆಳೆದಿದೆ, ‘ಪೆಟ್ ಸೌಂಡ್ಸ್’ಗೆ ಅದೇ ಬೀಜ.

ಅಕ್ಕನ ಮಗಳು ಏನನ್ನು ಮೊದಲು ಕೇಳಲಿ ಎಂದು ಕೇಳಿದ್ದಾಳೆ. ನಾಳೆ ಬರೆಯುತ್ತೇನೆ: ‘ರಿವಾಲ್ವರ್’ ಬ್ರಿಟಿಷ್ ಸಾಲಿನಲ್ಲೇ ಕೇಳು, ಅದರಲ್ಲಿ ರಾಜಿ ಬೇಡ. ‘ರಬ್ಬರ್ ಸೋಲ್’ ಎರಡನ್ನೂ ಕೇಳು, ಅಪ್ಪನದರ ಬೆನ್ನಿಗೇ ‘ಪೆಟ್ ಸೌಂಡ್ಸ್’ ಹಾಕು. ಯಾವುದನ್ನೂ ಹಾಡು ಕಲಸಿ ಕೇಳಬೇಡ.