ಏರಿನಲ್ಲಿ ನಿಂತ ಜೀಪು

ಜೀಪಿನ ಕಾರ್ಬುರೇಟರ್ ಬದಲಾಯಿಸುವುದೆಂದು ತೀರ್ಮಾನವಾಗಿದ್ದು ಆಸ್ಪತ್ರೆಯಲ್ಲಿ. ಅಪ್ಪನ ಬಲ ಹೆಗಲಿಗೆ ನರ್ಸು ಪಟ್ಟಿ ಸುತ್ತುತ್ತಿದ್ದಳು. ‘ಕಾರ್ಬುರೇಟರ್ ಪೂರ್ತಿ ಹೋಗಿದೆ ಕಣವ್ವ. ಅದೊಂದು ಬೇರೆ ಹಾಕ್ಸಿದ್ರೆ ಎಲ್ಲ ಸರಿಹೋಗ್ತದೆ’ ಎಂದ. ಎಕ್ಸ್‌ರೇ ನೋಡುತ್ತಿದ್ದ ಡಾಕ್ಟರು ಇದು ಹೆಗಲಿನ ಯಾವ ಭಾಗವಿರಬಹುದು ಎಂದು ಒಂದು ಕ್ಷಣ ಗೊಂದಲಕ್ಕೆ ಬಿದ್ದಂತೆ ಕಂಡಿತು.

ಆಗಿದ್ದು ಇಷ್ಟು. ಹೋದ ಜನವರಿ, ರೊಬಸ್ಟಾ ಕುಯ್ಲಿನ ಸಮಯ. ಸಕಲೇಶಪುರದ ಹತ್ತಿರ ನಮಗಿರುವುದು ಸಣ್ಣ ತೋಟ. ಮನೆ, ಕಣ ಎರಡೂ ಮೇಲೆ; ತೋಟದ ಅರ್ಧ ಕೆಳಗೆ, ಕೆರೆಯಾಚೆ. ಕೆರೆ ಏರಿ ದಾಟಿದ ಕೂಡಲೇ ದಾರಿ ಗೋಡೆ ಹತ್ತಿದ ಹಾಗೆ ಮೇಲೇಳುತ್ತದೆ. ಆ ಸಂಜೆ ಅಪ್ಪ ಒಂಬತ್ತು ಮೂಟೆ ಹಣ್ಣು ಹೇರಿಕೊಂಡು ಒಬ್ಬನೇ ಬರುತ್ತಿದ್ದ. ನಡು ಏರಿನಲ್ಲಿ ಜೀಪು ಕರಿ ಹೊಗೆ ಬಿಟ್ಟು, ಎರಡು ಸಲ ಕೆಮ್ಮಿ, ನಿಂತಿತು. ಆಮೇಲೆ ಹಿಂದಕ್ಕೆ ಜಾರತೊಡಗಿತು. ಒಂದು ಸಿಲ್ವರ್ ಮರ ಅಡ್ಡ ಸಿಕ್ಕಿತು. ಅದು ಸಿಗದಿದ್ದರೆ ಮುಂದಿದ್ದದ್ದು ಕೆರೆ. ಅಪ್ಪನಿಗೆ ಎಪ್ಪತ್ನಾಲ್ಕು ವರ್ಷ.

ಜೀಪು 1988ರಲ್ಲಿ ಅಪ್ಪ ಪಕ್ಕದೂರಿನ ತೋಟದವರೊಬ್ಬರಿಂದ ಕೊಂಡದ್ದು. ಮಹೀಂದ್ರದ ಸಿಜೆ-3ಬಿ, ಪೆಟ್ರೋಲ್. ವಿಲ್ಲಿಸ್ ಕಂಪನಿ 1953ರಲ್ಲಿ ಅಮೆರಿಕದಲ್ಲಿ ತಂದ ಮಾದರಿ. ಅಲ್ಲಿ ನಿಂತು ಹೋದ ಮೇಲೂ ನಮ್ಮಲ್ಲಿ ಎಷ್ಟೋ ವರ್ಷ ತಯಾರಾಗುತ್ತಿತ್ತು. ಇದರ ಬಾನೆಟ್ಟು ಹಳೇ ಯುದ್ಧದ ಜೀಪಿಗಿಂತ ಎತ್ತರ, ಒಂಥರಾ ಗತ್ತಿನಿಂದ ಎದೆಯುಬ್ಬಿಸಿಕೊಂಡಂತೆ ಕಾಣುತ್ತದೆ. ಕಾರಣ ಗತ್ತಲ್ಲ. ಹರಿಕೇನ್ ಎಂಬ ಹೆಸರಿನ ಇದರ ಎಂಜಿನ್ನಿನಲ್ಲಿ ಒಳಕ್ಕೆಳೆಯುವ ವಾಲ್ವುಗಳು ಹೆಡ್ಡಿನಲ್ಲೂ ಹೊಗೆ ಬಿಡುವ ವಾಲ್ವುಗಳು ಕೆಳಗೆ ಬ್ಲಾಕಿನಲ್ಲೂ ಇವೆ. ಕಾರ್ಬುರೇಟರ್ ಹೆಡ್ಡಿನ ನೆತ್ತಿಯ ಮೇಲೆ ಕೂತಿರುತ್ತದೆ. ಅದಕ್ಕೆ ಜಾಗ ಬೇಕಲ್ಲ, ಬಾನೆಟ್ಟು ಎತ್ತರವಾಯಿತು. ನಮ್ಮ ಸುತ್ತಿನ ಜೀಪುಗಳೆಲ್ಲ ಒಂದೊಂದಾಗಿ ಡೀಸೆಲ್ ಎಂಜಿನ್ ಕೂರಿಸಿಕೊಂಡವು. ಡೀಸೆಲ್ಲಿಗೆ ಕಾರ್ಬುರೇಟರೇ ಇಲ್ಲ. ಅಪ್ಪನೂ ಊರಿನವರ ಹಾಗೆ ಮಾಡಿದ್ದರೆ ನಾನಿದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ‘ಡೀಸೆಲ್ ಜೀಪು ಅಂದ್ರೆ ಅಕ್ಕಿ ಗಿರಣಿ ಮೇಲೆ ಕೂತಂಗೆ’ ಅನ್ನುತ್ತಿದ್ದ.

ನಾನು ಜೀಪು ಕಲಿತದ್ದು ಅದೇ ಏರಿನಲ್ಲಿ, ಪಿಯುಸಿ ರಜೆಯಲ್ಲಿ. ಅಪ್ಪ ಕಲಿಸಿದ ಮೊದಲ ಪಾಠ ಮುಂದಕ್ಕೆ ಓಡಿಸುವುದಲ್ಲ, ನಿಲ್ಲುವುದು. ‘ಏರಲ್ಲಿ ಎಂಜಿನ್ ನಿಂತ್ರೆ ಕ್ಲಚ್ ಮುಟ್ಬೇಡ. ಏನಾದ್ರೂ ಆಗ್ಲಿ, ಕ್ಲಚ್ ಮುಟ್ಬೇಡ.’ ಗೇರಿನಲ್ಲಿದ್ದಷ್ಟು ಹೊತ್ತು ನಿಂತ ಎಂಜಿನ್ನೇ ಚಕ್ರಗಳನ್ನು ಹಿಡಿದಿರುತ್ತದೆ. ಲೋ ಗೇರಿನಲ್ಲಂತೂ ಗೂಟಕ್ಕೆ ಕಟ್ಟಿದ ಹಾಗೆ. ಹಾಗೇ ಸ್ಟಾರ್ಟರ್ ತಿರುಗಿಸಿದರೆ ಜೀಪು ಮೋಟಾರಿನ ಬಲದಲ್ಲೇ ಅಂಗುಲ ಅಂಗುಲ ಮುಂದೆ ತೆವಳಿ, ಎಂಜಿನ್ ಹತ್ತಿಕೊಳ್ಳುತ್ತದೆ. ಕ್ಲಚ್ ಒತ್ತಿದರೆ ಮಾತ್ರ ಚಕ್ರ ಸ್ವತಂತ್ರ. ಆಮೇಲೆ ಉಳಿಯುವುದು ಬೂಸ್ಟರ್ ಇಲ್ಲದ ಬ್ರೇಕು ಮತ್ತು ಅದನ್ನು ಒತ್ತುವ ಕಾಲಿನ ಶಕ್ತಿ.

ಅಂದರೆ ಕಾರ್ಬುರೇಟರ್ ಜೀಪನ್ನು ನಿಲ್ಲಿಸಬಲ್ಲದು, ಹಿಂದಕ್ಕೆ ಜಾರಿಸಲಾರದು. ಇದು ನನಗೆ ಆಸ್ಪತ್ರೆಯಲ್ಲೇ ಹೊಳೆದಿತ್ತು. ಆದರೆ ಅಪ್ಪನಿಗೆ ‘ಇನ್ನು ಜೀಪು ಬಿಡು’ ಎನ್ನುವುದಕ್ಕಿಂತ ಕಾರ್ಬುರೇಟರ್ ಹುಡುಕುವುದು ಸುಲಭದ ಕೆಲಸ. ಹಾಸನದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನು ಮುಂದಿನ ಒಂದೂವರೆ ತಿಂಗಳು ಕಾರ್ಬುರೇಟರ್ ಓದಿದೆ.

ಇದನ್ನು ಓದುತ್ತಿರುವ ಹುಡುಗ ಹುಡುಗಿಯರು ಅದನ್ನು ಕಂಡಿರುವುದೇ ಅನುಮಾನ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲೂ ಅದಿಲ್ಲ. ಆದರೆ ಅದರ ಅರ್ಧ ಭಾಗ ನಿಮ್ಮ ಮನೆಯ ಬಚ್ಚಲಿನಲ್ಲಿದೆ. ಫ್ಲಶ್ ಟ್ಯಾಂಕಿನಲ್ಲಿ ತೇಲುವ ಚೆಂಡಿದೆಯಲ್ಲ, ನೀರು ಏರಿದ ಹಾಗೆ ತಾನೂ ಏರಿ ನಲ್ಲಿಯನ್ನು ಮುಚ್ಚುವುದು, ಅದೇ. ಕಾರ್ಬುರೇಟರಿನ ಬಟ್ಟಲಲ್ಲಿ ಹಿತ್ತಾಳೆಯ ಫ್ಲೋಟು ಪೆಟ್ರೋಲಿನ ಮೇಲೆ ತೇಲುತ್ತ ಸೂಜಿಯಂಥ ಒಂದು ವಾಲ್ವನ್ನು ಒತ್ತುತ್ತದೆ. ಇನ್ನರ್ಧ ಒಂದು ಗಂಟಲು. ಎಂಜಿನ್ ಎಳೆಯುವ ಗಾಳಿ ಆ ಗಂಟಲಿನ ಸಪೂರ ಜಾಗದಲ್ಲಿ ಜೋರಾಗಿ ನುಗ್ಗುತ್ತದೆ, ಜೋರಾದಲ್ಲಿ ಒತ್ತಡ ಇಳಿಯುತ್ತದೆ, ಇಳಿದ ಒತ್ತಡ ಬಟ್ಟಲಿನಿಂದ ಪೆಟ್ರೋಲನ್ನು ಹೀರಿ ತುಂತುರಾಗಿಸುತ್ತದೆ. ಇಟಲಿಯ ವೆಂಚುರಿ ಇದನ್ನು 1797ರಲ್ಲಿ ನೀರಿನ ಕೊಳವೆಗಳ ವಿಷಯದಲ್ಲಿ ಬರೆದಿದ್ದ. ಆಗ ಪೆಟ್ರೋಲ್ ಎಂಜಿನ್ನೇ ಇರಲಿಲ್ಲ.

ಈಗ ಆ ಫ್ಲಶ್ ಟ್ಯಾಂಕನ್ನು ಓರೆ ಮಾಡಿ, ಮೇಲಿಂದ ಕುಲುಕಿ. ಏರಿನಲ್ಲಿ ಜೀಪಿನ ಕಾರ್ಬುರೇಟರಿಗೆ ಆಗುವುದು ಅದೇ. ಬಟ್ಟಲಿನ ಪೆಟ್ರೋಲ್ ಒಂದು ಕಡೆಗೆ ವಾಲುತ್ತದೆ. ಬಟ್ಟಲು ಗಂಟಲಿನ ಯಾವ ಪಕ್ಕಕ್ಕಿದೆ, ಫ್ಲೋಟಿನ ಮಟ್ಟ ಎಷ್ಟಿದೆ ಎಂಬುದರ ಮೇಲೆ ಜೆಟ್ಟಿಗೆ ಪೆಟ್ರೋಲೇ ಸಿಗದೆ ಎಂಜಿನ್ ಒಣಗಬಹುದು, ಇಲ್ಲವೇ ಗಂಟಲಿಗೆ ಪೆಟ್ರೋಲ್ ಚೆಲ್ಲಿ ಮುಳುಗಬಹುದು. ನಮ್ಮದು ಮುಳುಗಿದ್ದು. ಕರಿ ಹೊಗೆಯೇ ಅದಕ್ಕೆ ಸಾಕ್ಷಿ.

ಮೇಸ್ತ್ರಿ ಕಾರ್ಬುರೇಟರ್ ಬಿಚ್ಚಿ ಹಳೇ ದಿನಪತ್ರಿಕೆಯ ಮೇಲೆ ಹರಡಿದರು. ಸೂಜಿಯ ಮೊನೆಯಲ್ಲಿ ಉಂಗುರದಂತೆ ಸವೆದ ಗೀರು. ಥ್ರಾಟಲ್ ಕಡ್ಡಿ ತನ್ನ ತೂತಿನಲ್ಲಿ ಸಡಿಲ ಹಲ್ಲಿನಂತೆ ಅಲ್ಲಾಡುತ್ತಿತ್ತು. ಪಂಪಿನ ಡಯಾಫ್ರಮ್ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಬುಡದ ಕಿವಿಯಲ್ಲಿ ಬಿರುಕು. ‘ಇದು ರಿಪೇರಿಗೆ ಬರಲ್ಲ ಟೀಚರಮ್ಮ, ಬೇರೇದೇ ಆಗ್ಬೇಕು’ ಎಂದವರು, ಬಟ್ಟೆಯಲ್ಲಿ ಕೈ ಒರೆಸುತ್ತ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ಗೌಡ್ರು ಅವತ್ತು ಕ್ಲಚ್ ಏನಾದ್ರೂ ಒತ್ತಿದ್ರಾ?’

‘ಗೊತ್ತಿಲ್ಲ’ ಎಂದೆ. ಅವರು ಮತ್ತೆ ಕೇಳಲಿಲ್ಲ.

ಬೆಂಗಳೂರಿಗೆ ಹೋದೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ಹೊಚ್ಚ ಹೊಸದು ಸಿಕ್ಕಿತು. ಹೊಳೆಯುವ ಡಬ್ಬಿ, ಡಬ್ಬಿಯ ಮೇಲೆ ಯಾರ ಹೆಸರೂ ಇಲ್ಲ. ನಾನು ಗಾಜಿನ ಕೌಂಟರಿನ ಮೇಲೆ ಅದರ ಬುಡವನ್ನು ಇಟ್ಟು ಒತ್ತಿ ನೋಡಿದೆ. ಕುಂಟುವ ಸ್ಟೂಲಿನ ಹಾಗೆ ಆಡಿತು. ಬುಡ ಸಪಾಟಾಗಿಲ್ಲದಿದ್ದರೆ ಸಂದಿಯಲ್ಲಿ ಗಾಳಿ ನುಸುಳಿ ಎಂಜಿನ್ ಐಡಲಿನಲ್ಲಿ ನಿಲ್ಲುವುದಿಲ್ಲ. ‘ದಪ್ಪ ಗ್ಯಾಸ್ಕೆಟ್ ಹಾಕಿ ಮೇಡಂ’ ಅಂದ ಅಂಗಡಿಯವ. ಹೊಸದು ಎಂಬ ಒಂದೇ ಕಾರಣಕ್ಕೆ ಕೊಂಡುಬಿಡುವ ಆಸೆ ಎಷ್ಟಿತ್ತೆಂದರೆ, ದುಡ್ಡು ಕೊಡಲು ಪರ್ಸು ತೆಗೆದೂ ಆಗಿತ್ತು.

ಅಣ್ಣನ ಮಗ, ಎಂಜಿನಿಯರಿಂಗ್ ಓದುವವನು, ಇಂಜೆಕ್ಷನ್ ಹಾಕಿಸು ಎಂದ. ಅವನು ಹೇಳಿದ್ದು ನಿಜ. ಅದರಲ್ಲಿ ಬಟ್ಟಲೂ ಇಲ್ಲ, ಫ್ಲೋಟೂ ಇಲ್ಲ. ಪೆಟ್ರೋಲ್ ಒತ್ತಡದಲ್ಲಿ ಬರುವುದರಿಂದ ಜೀಪು ಎಷ್ಟು ಓರೆಯಾದರೂ ಲೆಕ್ಕಕ್ಕಿಲ್ಲ. ಕಿಟ್ಟಿನ ಬೆಲೆ ನನ್ನ ಎರಡು ತಿಂಗಳ ಸಂಬಳ. ಅದೂ ಹೋಗಲಿ, ಆಷಾಢದ ಮಳೆಯಲ್ಲಿ ಅದರ ಸೆನ್ಸರ್ ಕೈಕೊಟ್ಟರೆ ನಮ್ಮ ಮೇಸ್ತ್ರಿ ಏನು ಮಾಡಬೇಕು? ಇನ್ಯಾರೋ ಹಳೇ ಸಣ್ಣ ಕಾರಿನ ಕಾರ್ಬುರೇಟರನ್ನು ತಟ್ಟೆ ಕಟ್ಟಿ ಕೂರಿಸಬಹುದು, ಮೈಲೇಜೂ ಬರುತ್ತದೆ ಎಂದರು. ಲೆಕ್ಕ ಹಾಕಿದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. ನಮ್ಮದು 2,199 ಸಿಸಿ. ನಿಮಿಷಕ್ಕೆ 3,000 ಸುತ್ತಿನಲ್ಲಿ ಹೆಚ್ಚೆಂದರೆ 3,300 ಲೀಟರ್ ಗಾಳಿ. 800 ಸಿಸಿಯ ಕಾರು 5,000 ಸುತ್ತು ತಿರುಗಿದರೂ 2,000 ಲೀಟರ್. ಮಗುವಿನ ಮೂಗಿನಲ್ಲಿ ಎತ್ತು ಉಸಿರಾಡಿದ ಹಾಗಾಗುತ್ತದೆ. ಖಾಲಿ ರಸ್ತೆಯಲ್ಲಿ ನಡೆದೀತು, ಒಂಬತ್ತು ಮೂಟೆ ಹೊತ್ತು ಏರು ಹತ್ತಲಾರದು.

ಕೊನೆಗೆ ಸಿಕ್ಕಿದ್ದು ಶಿವಾಜಿನಗರದ ಗುಜರಿಯಲ್ಲಿ. ಸಿಮೆಂಟ್ ಚೀಲದ ತುಂಬ ಕಾರ್ಬುರೇಟರುಗಳು, ಬೆಲ್ಲದ ಅಚ್ಚುಗಳನ್ನು ಸುರಿದ ಹಾಗೆ. ನಮ್ಮದರ ತದ್ರೂಪಿನವು ಮೂರಿದ್ದವು. ಮೊದಲನೆಯದರ ಕಡ್ಡಿ ನಮ್ಮದಕ್ಕಿಂತಲೂ ಸಡಿಲ. ಎರಡನೆಯದರ ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಕುಲುಕಿದರೆ ಒಳಗೆ ಪೆಟ್ರೋಲ್ ಸದ್ದು. ತೂತು ಬಿದ್ದ ಫ್ಲೋಟು ತೇಲುವುದಿಲ್ಲ. ಮೂರನೆಯದರ ಮೈಯೆಲ್ಲ ಕಿಲುಬು, ಆದರೆ ಕಡ್ಡಿ ಬಿಗಿ, ಬುಡ ಸಪಾಟು. ಅದರ ಫ್ಲೋಟನ್ನು ಗುಜರಿಯವನ ಪಕ್ಕದ ಟೀ ಅಂಗಡಿಯ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದೆ. ತೂತಿದ್ದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಬರಬೇಕು. ಬರಲಿಲ್ಲ. ಟೀ ಅಂಗಡಿಯವರು ಆ ನೀರು ಚೆಲ್ಲಿ, ಲೋಟವನ್ನು ಎರಡು ಸಲ ತೊಳೆದು, ನನ್ನ ಮುಖ ನೋಡಿದರು.

ಅಪ್ಪನಿಗೆ ಇದು ಹಿಡಿಸಲಿಲ್ಲ. ‘ಹೊಸದು ತತ್ತೀನಿ ಅಂದು ಹೋಗಿ ಗುಜರಿ ತಂದ್ಯಲ್ಲವ್ವ.’ ಹೆಗಲ ಪಟ್ಟಿ ಬಿಚ್ಚಿಯಾಗಿತ್ತು, ಕೈ ಇನ್ನೂ ಕಿವಿಯಿಂದ ಮೇಲೆ ಏಳುತ್ತಿರಲಿಲ್ಲ. ಗ್ಯಾರೇಜಿನ ಮರದ ಬೆಂಚಿನ ಮೇಲೆ ಕೂತು ನಾನೂ ಮೇಸ್ತ್ರಿಯೂ ಮಾಡುವುದನ್ನೆಲ್ಲ ನೋಡಿದ. ಹೊಸ ಸೂಜಿ ಮತ್ತು ಅದರ ಸೀಟು, ಹೊಸ ಡಯಾಫ್ರಮ್, ಹೊಸ ಗ್ಯಾಸ್ಕೆಟ್. ಜೆಟ್ಟಿನ ವಿಷಯಕ್ಕೆ ಮೇಸ್ತ್ರಿಗೂ ನನಗೂ ವಾದವಾಯಿತು. ಹಳೇ ನಂಬರಿನದೇ ಇರಲಿ ಎಂದರು ಅವರು. ಆದರೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಹಳೇ ಜೆಟ್ಟು ಈ ಮಿಶ್ರಣವನ್ನು ಹಳೇ ಅಳತೆಯಲ್ಲೇ ಬಿಟ್ಟರೆ ಗಾಳಿ ಹೆಚ್ಚಾಗಿ, ಇಂಧನ ಕಮ್ಮಿಯಾಗಿ, ಏರಿನಲ್ಲಿ ಎಂಜಿನ್ ಬಿಸಿಯಾಗಿ ಸೊರಗುತ್ತದೆ. ಹಳೇ ರಬ್ಬರನ್ನೂ ಎಥನಾಲ್ ಕೆಡಿಸುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಒಂದು ನಂಬರ್ ದೊಡ್ಡ ಜೆಟ್ ಹಾಕಿ, ಹತ್ತು ಕಿಲೋಮೀಟರ್ ಓಡಿಸಿ, ಪ್ಲಗ್ ಬಿಚ್ಚಿ ನೋಡಿದೆವು. ಮಸಿಯಾಗಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದ ಬಿಳುಪಾದರೆ ಕಮ್ಮಿ. ನಮ್ಮದು ಹಾಲು ತುಸು ಜಾಸ್ತಿಯಾದ ಕಾಫಿಯ ಬಣ್ಣಕ್ಕಿತ್ತು. ಮೇಸ್ತ್ರಿ ಪ್ಲಗ್ಗನ್ನು ಅಪ್ಪನ ಅಂಗೈಯಲ್ಲಿಟ್ಟರು. ಅಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ‘ಪರವಾಗಿಲ್ಲ’ ಎಂದ.

ಸಂಜೆ ಕೆಳಗಿನ ತೋಟಕ್ಕೆ ಹೋದೆವು. ನಾನು ಸ್ಟೀರಿಂಗಿನಲ್ಲಿ, ಅಪ್ಪ ಪಕ್ಕದಲ್ಲಿ. ಯಾರು ಓಡಿಸಬೇಕು ಎಂಬ ಮಾತೇ ಬರಲಿಲ್ಲ. ನಾನು ಬರುವಷ್ಟರಲ್ಲಿ ಅವನು ಎಡಗಡೆ ಸೀಟಿನಲ್ಲಿ ಕೂತಾಗಿತ್ತು. ವಾಪಸು ಬರುವಾಗ ಕೆರೆ ದಾಟಿ ಲೋ ಗೇರು ಹಾಕಿದೆ. ಸಿಲ್ವರ್ ಮರದ ತೊಗಟೆಯಲ್ಲಿ ಬಂಪರ್ ತಿಂದ ಗಾಯ ಇನ್ನೂ ಹಸಿಯಾಗಿತ್ತು. ಎಂಜಿನ್ ಒಮ್ಮೆಯೂ ತಡವರಿಸಲಿಲ್ಲ. ಮರ ದಾಟಿ ಸ್ವಲ್ಪ ಮೇಲೆ, ಅವತ್ತು ನಿಂತ ಜಾಗದಲ್ಲೇ, ನಾನು ಬೇಕೆಂದೇ ಕೀಲಿ ತಿರುಗಿಸಿ ಎಂಜಿನ್ ಆಫ್ ಮಾಡಿದೆ.

ಜೀಪು ಒಂದು ಸಲ ಮೈ ಜಗ್ಗಿ ನಿಂತಿತು. ಕೆರೆ ಕಡೆಯಿಂದ ಕಪ್ಪೆಗಳ ಸದ್ದು. ಅಪ್ಪ ಮುಂದಿನ ಕಂಬಿ ಹಿಡಿದುಕೊಂಡ.

‘ಕ್ಲಚ್ ಮುಟ್ಬೇಡ’ ಎಂದ.

‘ಮುಟ್ಟಿಲ್ಲ.’

ಇಬ್ಬರೂ ಹಾಗೇ ಕೂತಿದ್ದೆವು. ‘ಅವತ್ತು ಕಾಲು ಅದರ ಪಾಡಿಗೆ ಅದು ಹೋಯ್ತು ಕಣವ್ವ’ ಎಂದ. ‘ಆಮೇಲೆ ಬ್ರೇಕ್ ಯಾವ್ದು ಅಂತ ಒಂದು ಗಳಿಗೆ ಗೊತ್ತಾಗ್ಲಿಲ್ಲ.’

ಏನು ಹೇಳಬೇಕೋ ತಿಳಿಯದೆ ಸ್ಟಾರ್ಟರ್ ತಿರುಗಿಸಿದೆ. ಜೀಪು ಒಂದು ಗೇಣು ತೆವಳಿ, ಹತ್ತಿಕೊಂಡಿತು. ಕಣದ ಹತ್ತಿರ ಇಳಿಯುವಾಗ ಅಪ್ಪ ಕೇಳಿದ: ‘ಶನಿವಾರ ಬರ್ತೀಯಲ್ಲ? ಇನ್ನೂ ಹದಿನಾಲ್ಕು ಮೂಟೆ ಕೆಳಗೇ ಇದೆ.’