ದೂರದ ನಕ್ಷತ್ರದ ಹೊಳಪು

‘ಪಬ್ಲಿಕ್ ಸ್ಕೂಲ್’ ಎಂಬ ಹಲಗೆ ಕಂಡರೆ ಬೆಂಗಳೂರಿನ ತಂದೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಅಮೆರಿಕದಲ್ಲಿ ಅದೇ ಹೆಸರು ಬೋಧನಾಶುಲ್ಕವಿಲ್ಲದ ಸರ್ಕಾರಿ ಶಾಲೆಯದು. ಶುಲ್ಕ ಕೇಳುವುದು ಖಾಸಗಿ ಶಾಲೆ. ಅನೇಕ ಕಡೆ ಅದು ವರ್ಷಕ್ಕೆ ಹತ್ತಾರು ಸಾವಿರ ಡಾಲರು. ಕಾಲೇಜಿನ ಲ್ಯಾಕ್ರಾಸ್ ತಂಡ ಸೇರಲು ಮಗನನ್ನು ಇವೆರಡರಲ್ಲಿ ಯಾವುದಕ್ಕೆ ಹಾಕಬೇಕು? ಅಲ್ಲಿನ ಪೂರ್ವ ಕರಾವಳಿಯ ಎಷ್ಟೋ ಮನೆಗಳಲ್ಲಿ ರಾತ್ರಿಯೂಟದ ಹೊತ್ತಿಗೆ ಏಳುವ ಪ್ರಶ್ನೆ ಇದು.

ಲ್ಯಾಕ್ರಾಸ್ ಎಂದರೆ ತುದಿಯಲ್ಲಿ ಬಲೆ ಕಟ್ಟಿದ ಕೋಲಿನಿಂದ ರಬ್ಬರ್ ಚೆಂಡನ್ನು ಹಿಡಿದು, ಎಸೆದು ಗೋಲು ಹೊಡೆಯುವ ಆಟ. ಉತ್ತರ ಅಮೆರಿಕದ ಮೂಲನಿವಾಸಿಗಳಾದ ಹೌಡೆನೊಸಾನಿ ಜನರಿಗೆ ಅದು ಸೃಷ್ಟಿಕರ್ತ ಕೊಟ್ಟ ಆಟ. ಅಂಥ ಆಟಕ್ಕೆ ಈಗ ಲೆಕ್ಕದ ಪುಸ್ತಕ ಅಂಟಿಕೊಂಡಿದೆ.

ಖಾಸಗಿ ಶಾಲೆಗೆ ಅನುಕೂಲ ಇರುವುದು ನಿಜ. ಸರ್ಕಾರಿ ಶಾಲೆ ಸಾಮಾನ್ಯವಾಗಿ ತನ್ನ ಎಲ್ಲೆಯೊಳಗಿನ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುತ್ತದೆ. ಖಾಸಗಿ ಶಾಲೆ ಎಲ್ಲಿಂದ ಬೇಕಾದರೂ ಆರಿಸಿಕೊಳ್ಳಬಹುದು. ಬಾಲ್ಟಿಮೋರಿನ ಸುತ್ತ ಗಿಲ್ಮನ್, ಬಾಯ್ಸ್ ಲ್ಯಾಟಿನ್, ಕ್ಯಾಲ್ವರ್ಟ್ ಹಾಲ್ ಮುಂತಾದ ಖಾಸಗಿ ಶಾಲೆಗಳು ಒಂದೇ ಲೀಗಿನಲ್ಲಿ ಸೆಣಸುತ್ತವೆ. ಕಾಲೇಜಿನ ತರಬೇತುದಾರ ಅಲ್ಲಿ ಒಂದು ಪಂದ್ಯಕ್ಕೆ ಬಂದು ಕುಳಿತರೆ ಹಲವು ಹುಡುಗರನ್ನು ಒಟ್ಟಿಗೇ ತೂಗಿ ನೋಡಬಹುದು.

ಹಾಗೆಂದು ಸರ್ಕಾರಿ ಶಾಲೆಗಳೆಲ್ಲ ಬಡವಲ್ಲ. ಅವುಗಳ ಹಣದ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿರುವ ಮ್ಯಾನ್‌ಹ್ಯಾಸೆಟ್ ಶಾಲೆ ಲ್ಯಾಕ್ರಾಸಿಗೆ ಹೆಸರಾದದ್ದು. ಅಲ್ಲಿ ಶುಲ್ಕವಿಲ್ಲ, ಆದರೆ ಆ ಸಿರಿವಂತ ಊರಿನಲ್ಲಿ ಮನೆಯಿರಬೇಕು. ಶುಲ್ಕ ಮನೆಯ ಬೆಲೆಯೊಳಗೆ ಅಡಗಿ ಕುಳಿತಿದೆ, ಅಷ್ಟೆ.

ಇಷ್ಟೆಲ್ಲ ಸುರಿದು ಪಡೆಯುವುದೇನು? 2025ರವರೆಗೆ ಮೊದಲ ದರ್ಜೆಯ ಪುರುಷರ ತಂಡಕ್ಕಿದ್ದ ವಿದ್ಯಾರ್ಥಿವೇತನ 12.6. ಅದನ್ನು 45 ಹುಡುಗರಿಗೆ ಸಮನಾಗಿ ಹಂಚಿದರೆ ತಲೆಗೆ ಕಾಲು ಭಾಗಕ್ಕಿಂತ ತುಸು ಹೆಚ್ಚು. ಆ ವರ್ಷ ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ಈ ಮಿತಿ ಹೋಗಿ, ತಂಡಕ್ಕೆ 48 ಆಟಗಾರರೆಂಬ ಮಿತಿ ಬಂತು. ಈ ಕಾಲು ಭಾಗಕ್ಕಾಗಿಯೇ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಕಾಲೇಜುಗಳಿಗೆ ಮಾತು ಕೊಡುತ್ತಿದ್ದ ಕಾಲವಿತ್ತು. ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮುಂಚೆ ಆ ಮಾತುಕತೆ ಕೂಡದೆಂಬ ನಿಯಮವಾದದ್ದು 2017ರಲ್ಲಿ.

ನಿಜವಾದ ಆಯ್ಕೆ ಬೇಸಿಗೆಯಲ್ಲಿ, ಕ್ಲಬ್ ತಂಡಗಳ ಪಂದ್ಯಾವಳಿಗಳಲ್ಲಿ ನಡೆಯುತ್ತದೆ. ಪ್ರಯಾಣ, ವಸತಿ, ಪ್ರವೇಶಧನ ಎಲ್ಲವೂ ತಂದೆತಾಯಿಯ ತಲೆಯ ಮೇಲೆ. ನಕ್ಷತ್ರವೊಂದು ಮಂಕಾಗಿ ಕಂಡರೆ ಅದರ ಬೆಳಕೇ ಕಡಿಮೆಯೆಂದು ಹೇಳಲಾಗದು. ದೂರ ಎರಡರಷ್ಟಾದರೆ ಕಾಣುವ ಹೊಳಪು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಹುಡುಗರ ವಿಷಯದಲ್ಲಿ ಆ ದೂರವನ್ನು ಅಳೆಯುವುದು ಡಾಲರುಗಳಲ್ಲಿ. ಓನೊಂಡಾಗಾ ಜನಾಂಗದ ಲೈಲ್ ಥಾಂಪ್ಸನ್ ನ್ಯೂಯಾರ್ಕಿನ ಲಫಾಯೆಟ್ ಎಂಬ ಸರ್ಕಾರಿ ಶಾಲೆಯಿಂದ ಬಂದು, 2014ರಲ್ಲಿ ಅಣ್ಣ ಮೈಲ್ಸ್ ಜೊತೆಗೂ 2015ರಲ್ಲಿ ಒಬ್ಬನೇ ಆಗಿಯೂ ಕಾಲೇಜು ಲ್ಯಾಕ್ರಾಸಿನ ಶ್ರೇಷ್ಠ ಆಟಗಾರನ ಟೆವಾರಟನ್ ಪ್ರಶಸ್ತಿ ಪಡೆದ. ಅಂಥ ಬೆಳಕು ದೂರವನ್ನು ಗೆದ್ದೀತು. ಉಳಿದವರ ಗತಿ?

ಇದಕ್ಕೆ ಮ್ಯಾನ್‌ಹ್ಯಾಸೆಟ್ಟಿನಲ್ಲೇ ಒಂದು ಹಳೆಯ ಉತ್ತರವುಂಟು. ಅಲ್ಲಿ ಓದಿದ ಜಿಮ್ ಬ್ರೌನ್ ಎಂಬ ಕಪ್ಪು ಹುಡುಗನ ತಾಯಿ ಮನೆಗೆಲಸ ಮಾಡುತ್ತಿದ್ದರು. 1953ರಲ್ಲಿ ಅವನು ಸಿರಾಕ್ಯೂಸ್ ವಿಶ್ವವಿದ್ಯಾಲಯ ಸೇರಿದಾಗ ಅದು ವಿದ್ಯಾರ್ಥಿವೇತನ ಕೊಡಲಿಲ್ಲ. ಅಲ್ಲಿಯೇ ಓದಿದ್ದ ಊರಿನ ವಕೀಲ ಕೆನ್ ಮಾಲಾಯ್ ಸ್ಥಳೀಯರಿಂದ ಚಂದಾ ಎತ್ತಿ ಮೊದಲ ವರ್ಷದ ವೆಚ್ಚ ಭರಿಸಿದರು. ಹುಡುಗ ಮಾತ್ರ ಅದು ವಿದ್ಯಾರ್ಥಿವೇತನವೆಂದೇ ತಿಳಿದಿದ್ದ. ಮುಂದೆ ಆ ಜಿಮ್ ಬ್ರೌನ್ ಅಮೆರಿಕನ್ ಫುಟ್‌ಬಾಲಿನ ದಂತಕಥೆಯಾದರು. ಲ್ಯಾಕ್ರಾಸಿನ ಕೀರ್ತಿಭವನದಲ್ಲೂ ಅವರ ಹೆಸರಿದೆ.

ಊಟದ ಮೇಜಿನ ಪ್ರಶ್ನೆ ಇಂದಿಗೂ ಯಾವ ಶಾಲೆ ಎಂಬುದೇ. ಮಾಲಾಯ್ ಕೇಳಿದ್ದು ಬೇರೆ: ಈ ಹುಡುಗನ ಖರ್ಚಿಗೆ ಯಾರು ಯಾರು ಎಷ್ಟು ಕೊಡುತ್ತೀರಿ?