ಮಾಳಿಗೆ ಮೇಲಿನ ಮೆಣಸಿನಕಾಯಿ

ಮಾರ್ಚ್ ಬಂತೆಂದರೆ ಸರಸಂಬಾದ ನಮ್ಮ ಮನೆಯ ಮಾಳಿಗೆ ಮೇಲೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅವ್ವ ಹಳೆಯ ಸೀರೆಗಳನ್ನು ಹಾಸಿ ಇಡೀ ವರ್ಷದ ಮೆಣಸಿನಕಾಯಿ ಹರವುತ್ತಿದ್ದಳು. ಬಣ್ಣಕ್ಕೆ ಬ್ಯಾಡಗಿ ಎರಡು ಪಾಲು, ಖಾರಕ್ಕೆ ಗುಂಟೂರು ಒಂದು ಪಾಲು. ಬ್ಯಾಡಗಿಯಲ್ಲೂ ಸುಕ್ಕುಗಟ್ಟಿದ ದಪ್ಪ ಡಬ್ಬಿಯೇ ಆಗಬೇಕು, ತೆಳ್ಳನೆಯ ಕಡ್ಡಿ ಅವಳಿಗೆ ಒಗ್ಗದು.

ಸಂತೆಯಿಂದ ತಂದದ್ದು ಒಣಗಿದ್ದೇ ಆದರೂ ಅವ್ವ ಅದನ್ನು ನಂಬುತ್ತಿರಲಿಲ್ಲ. ತೂಕ ಬರಲೆಂದು ನೀರು ಚಿಮುಕಿಸಿರುತ್ತಾರೆ ಎನ್ನುತ್ತಿದ್ದಳು. ಮೂರ್ನಾಲ್ಕು ದಿನ ನಮ್ಮ ಬಿಸಿಲು ಕುಡಿಯಲೇಬೇಕು. ಸಂಜೆ ಗುಡ್ಡೆ ಹಾಕಿ ಮುಚ್ಚುವುದು, ಬೆಳಿಗ್ಗೆ ಮತ್ತೆ ಹರವುವುದು. ಹಾಗೆ ಮಾಡಿದರೆ ಒಳಗಿನ ಪಸೆ ಹೊರಗೆ ಬಂದು ಎಲ್ಲವೂ ಒಂದೇ ಸಮ ಒಣಗುತ್ತವೆ. ಒಣಗುವವರೆಗೆ ತೊಟ್ಟು ಮುರಿಯುವಂತಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಬೀಜ ಗಲಗಲ ಎಂದರೆ ಆಯಿತು. ಆಮೇಲೆ ಗಿರಣಿ. ಕುಟ್ಟಿಸಿ ತಂದ ಖಾರ ಪೂರ್ತಿ ತಣ್ಣಗಾದ ಮೇಲೆ ಉಪ್ಪು, ಕೈಗೆ ಹಚ್ಚಿಕೊಂಡಷ್ಟು ಶೇಂಗಾ ಎಣ್ಣೆ ಸೇರಿಸಿ ಭರಣಿಗೆ ಒತ್ತಿ ತುಂಬುವುದು, ನಡುನಡುವೆ ಹಿಂಗಿನ ಹರಳು ಇಡುವುದು. ಕೊಬ್ಬರಿ, ಬಳ್ಳೊಳ್ಳಿ ಹಾಕಿದ ಮಸಾಲಿ ಖಾರ ಬೇಗ ಕಮಟು ಬರುತ್ತದೆಂದು ಅದು ಸ್ವಲ್ಪವೇ.

ಅಪ್ಪ ತೀರಿದ ಮೇಲೆ ಈ ಖಾರವೇ ನಮಗೊಂದು ಸಣ್ಣ ಆದಾಯವಾಯಿತು. ಸೊಲ್ಲಾಪುರದ ಎರಡು ಮನೆ, ಗುಲ್ಬರ್ಗಾದ ಮೂರು ಮನೆಯವರು ವರ್ಷಕ್ಕೆ ಬೇಕಾದಷ್ಟನ್ನು ಅವ್ವನಿಂದಲೇ ಒಯ್ಯುತ್ತಿದ್ದರು. ನನ್ನ ಡಿಗ್ರಿಯ ಫೀ ಅದರಿಂದಲೇ ಹುಟ್ಟಬೇಕಿತ್ತು.

2014ರ ಮಾರ್ಚ್. ಆ ವರ್ಷ ಸೊಲ್ಲಾಪುರದ ಕಡೆಯಿಂದ ನಮ್ಮ ಜಿಲ್ಲೆಯವರೆಗೂ ಆಣೆಕಲ್ಲು ಮಳೆ ಬಿದ್ದು ಕಾಳುಕಡಿ, ದ್ರಾಕ್ಷಿ ನೆಲಕಚ್ಚಿದ್ದು ಈ ಭಾಗದವರಿಗೆ ನೆನಪಿರುತ್ತದೆ. ಅವ್ವ ಒಂದು ಕಾರ್ಯಕ್ಕೆಂದು ಆಳಂದಕ್ಕೆ ಹೋಗುವಾಗ ಎರಡೆರಡು ಸಲ ಹೇಳಿದ್ದಳು: "ಮಾಡ ಕಟ್ಟಿದ್ರ ತಾಡಪತ್ರಿ ಹೊಚ್ಚು, ಮರೀಬ್ಯಾಡ." ಮಾಳಿಗೆ ಮೇಲೆ ಹದಿನೆಂಟು ಕಿಲೋ ಇತ್ತು. ನಾನು ಮಧ್ಯಾಹ್ನ ಪುಸ್ತಕ ಹಿಡಿದು ಅಡ್ಡಾಗಿದ್ದವಳು ಹಾಗೇ ನಿದ್ದೆ ಹೋದೆ. ಎಚ್ಚರವಾದಾಗ ಆಣೆಕಲ್ಲು ತಟತಟ ಬೀಳುತ್ತಿದ್ದವು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವ್ವನ ಕಣ್ಣಿಗೆ ಬೀಳಬಾರದೆಂದು ತೊಯ್ದ ಕಾಯಿಗಳನ್ನು ಚೀಲಕ್ಕೆ ತುಂಬಿ ಮೂಲೆಗೆ ತಳ್ಳಿದೆ. ಮೋಡ ಸರಿಯಲಿಲ್ಲ. ಮರುದಿನ ಅವ್ವ ಬಂದಳು. ಅವಳಿಗೆ ಹೇಳಲು ನನಗೆ ಇನ್ನೂ ಒಂದು ರಾತ್ರಿ ಬೇಕಾಯಿತು. ಚೀಲಕ್ಕೆ ಕೈ ಹಾಕಿದರೆ ಒಳಗೆಲ್ಲ ಬೆಚ್ಚಗಿತ್ತು.

ಅವಳು ಬೈಯಲಿಲ್ಲ. ಬಿಸಿಲು ಬಿದ್ದ ಮೇಲೆ ಮತ್ತೆ ಹರವಿದಳು. ನಾಲ್ಕು ದಿನಕ್ಕೆ ಕಾಯಿ ಮತ್ತೆ ಕೆಂಪಗೆ ಗಲಗಲ ಎನ್ನತೊಡಗಿದವು. ನನಗೆ ಜೀವ ಬಂದಂತಾಯಿತು. ಆದರೆ ಅವ್ವ ಒಂದನ್ನು ಎತ್ತಿ ಉದ್ದಕ್ಕೆ ಸೀಳಿದಳು. ಹೊರಗೆ ಕೆಂಪು, ಒಳಗೆ ಬೀಜದ ಸುತ್ತ ಬೂದುಬಣ್ಣದ ಬೂಸ್ಟು.

"ಕುಟ್ಟಸಮು ಬೇ. ಪುಡಿಯಾದ ಮ್ಯಾಲ ಯಾರಿಗಿ ಗೊತ್ತಾಗ್ತದ?" ಅಂದೆ. ಆ ಮಾತು ಆಡಿದ್ದು ನಾನೇ.

ಅವ್ವ ನನ್ನ ಮುಖ ನೋಡಲಿಲ್ಲ. "ಸೊಲ್ಲಾಪುರದವ್ರ ಮನ್ಯಾಗ ಸಣ್ಣ ಕೂಸ ಅದಾ. ಈ ವರ್ಷನೇ ಸಾರಿನಾಗ ರೊಟ್ಟಿ ಕಲಸಿ ಉಣಸ್ಲಿಕ್ಕ ಹತ್ಯಾರ" ಅಂದವಳೇ ಎರಡನೆಯದನ್ನು ಸೀಳಿದಳು.

ಇಬ್ಬರೂ ಎರಡು ದಿನ ಕೂತು ಒಂದೊಂದನ್ನೇ ಮುರಿದು ನೋಡಿದೆವು. ರಾತ್ರಿಯೆಲ್ಲ ಕೈ ಉರಿ. ಹದಿನೆಂಟರಲ್ಲಿ ಐದು ಕಿಲೋ ಉಳಿಯಿತು. ಉಳಿದದ್ದನ್ನು ತಿಪ್ಪೆಗೆ ಹಾಕಿದರೆ ದನ ಬಾಯಿ ಹಾಕಬಹುದು, ಸುಟ್ಟರೆ ಓಣಿಯೆಲ್ಲ ಕೆಮ್ಮಬೇಕು. ಕುಣಿ ತೋಡಿ ಹೂಳಿದೆವು. ಐದೂ ಮನೆಯವರಿಗೆ ಅವ್ವ ನನ್ನ ಕೈಯಿಂದಲೇ ಫೋನ್ ಮಾಡಿಸಿದಳು: ಈ ವರ್ಷ ಖಾರ ಇಲ್ಲ. ಕಾರಣವನ್ನೂ ನಾನೇ ಹೇಳಬೇಕಿತ್ತು. ಎರಡು ಮನೆಯವರು ಮುಂದೆ ಎಂದೂ ಕೇಳಲಿಲ್ಲ. ಎರಡು ಆಡು ಮಾರಿ ನನ್ನ ಫೀ ಕಟ್ಟಿದಳು.

ಕೊನೆಯ ವರ್ಷದ ಸೂಕ್ಷ್ಮಜೀವಿಶಾಸ್ತ್ರದ ಪಾಠದಲ್ಲಿ ಆ ಬೂಸ್ಟಿನ ಕುಲದ ಹೆಸರು ಕೇಳಿದೆ: ಆಸ್ಪರ್ಜಿಲಸ್. ಅದರ ಕೆಲವು ಜಾತಿಗಳು ಸರಿಯಾಗಿ ಒಣಗದ ಶೇಂಗಾ, ಗೋವಿನಜೋಳ, ಮೆಣಸಿನಕಾಯಿಯಲ್ಲಿ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಮತ್ತೆ ಒಣಗಿಸಿದರೆ ಬೂಸ್ಟು ಸಾಯಬಹುದು, ವಿಷ ಹೋಗುವುದಿಲ್ಲ. ಒಗ್ಗರಣೆಯ ಬಿಸಿಗೂ ಅದು ಪೂರ್ತಿ ನಾಶವಾಗದು. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವಂಥದ್ದು. ಯುರೋಪಿಗೆ ಹೋಗುವ ಒಣಮೆಣಸಿನಕಾಯಿಯಲ್ಲಿ ಇದು ಕಿಲೋಗೆ 10 ಮೈಕ್ರೊಗ್ರಾಂ ಮೀರುವಂತಿಲ್ಲ. ಅಂದರೆ ನೂರು ಟನ್ನಿಗೆ ಒಂದೇ ಒಂದು ಗ್ರಾಂ. ಕಾಯಿ ಮುರಿದು ನೋಡಿದರೂ ಕಣ್ಣಿಗೆ ಕಾಣದ ವಿಷವೂ ಇರಬಹುದು ಎಂದು ತಿಳಿದ ದಿನ, ಆ ಐದು ಕಿಲೋದ ನೆನಪಾಗಿ ಗಾಬರಿಯಾಯಿತು. ಅದನ್ನು ಅವ್ವ ಯಾರಿಗೂ ಕೊಟ್ಟಿರಲಿಲ್ಲ. ನಾವಿಬ್ಬರೇ ಉಂಡಿದ್ದೆವು.

ಇದನ್ನೆಲ್ಲ ಅವ್ವನಿಗೆ ವಿವರಿಸಿದೆ. "ಹೌದೇನ?" ಅಂದು ಸುಮ್ಮನಾದಳು. ಮರುವರ್ಷದಿಂದ ತೊಯ್ದದ್ದನ್ನು ಆರಿಸುವ ಗೋಜಿಗೇ ಹೋಗಲಿಲ್ಲ.

ಈಗ ಮಾಳಿಗೆ ಹತ್ತುವವಳು ನಾನು. ಮೊಣಕಾಲು ನೋವಿನ ಅವ್ವ ಕೆಳಗೆ ಕಟ್ಟೆಯ ಮೇಲೆ ಕೂರುತ್ತಾಳೆ. ಗಿರಣಿಗೆ ಒಯ್ಯುವ ಮುಂಚೆ ಪ್ರತಿ ಚೀಲದಿಂದ ಒಂದು ಹಿಡಿ ತೆಗೆದು ಅವಳ ಮುಂದೆ ಮುರಿಯಬೇಕು. ಎಲ್ಲವೂ ಒಳಗೆ ಹಳದಿ ಬೀಜ, ಚೊಕ್ಕ. ಸಾಕಲ್ಲವೇ ಎಂಬಂತೆ ನೋಡುತ್ತೇನೆ.

"ಇನ್ನೊಂದ ಮುರಿ" ಅನ್ನುತ್ತಾಳೆ.